ಎಂಟನೆಯ ಕಾರಣ

೧ ಡಿಸೆಂಬರ್ ೧೯೫೭, ರವಿವಾರ. ಬೆಳಿಗ್ಗೆ ಎಂಟು

ಅಂಗಡಿ ಕಸ ಹೊಡೆದಾಯಿತು. ಊದಿನಕಡ್ಡಿ ಹಚ್ಚಿದೆ. ಗಿರಾಕಿ ಇಲ್ಲ. ಸೀರೆ ಗಂಟು ಬಿಚ್ಚಿ ಮತ್ತೆ ಕಟ್ಟಿದೆ — ಕೈಗೆ ಕೆಲಸ ಬೇಕಲ್ಲ. ತಲೆಯಲ್ಲಿ ಬರೀ ಬಾಸ್ಕೆಟ್‌ಬಾಲ್.

ಮುಂದಿನ ರವಿವಾರ ನರಗುಂದದಲ್ಲಿ ಮೊದಲ ಮ್ಯಾಚು. ಮೂರರಲ್ಲಿ ಎರಡು ಗೆದ್ದವರಿಗೆ ಶೀಲ್ಡು. ಎರಡು ವರ್ಷದಿಂದ ಅವರ ಕ್ಲಬ್ಬಿನ ಗೋಡೆಯ ಮೇಲೇ ಇದೆ. ಹೋದ ಸಲ ಸೋತು ಹೊರಟಾಗ ನಮ್ಮ ಲಾರಿಗೆ ಹಸಿರು ಬಳೆ ಕಟ್ಟಿ ಕಳಿಸಿದ್ದರು. ನಮ್ಮೂರು ಗಜೇಂದ್ರಗಡ ಮುಟ್ಟುವವರೆಗೂ ಅವು ಗಲಗಲ ಅನ್ನುತ್ತಿದ್ದವು.

ಈ ಸಲ ಗೆಲ್ಲುತ್ತೇವೆ. ಕಾರಣಗಳನ್ನು ಬರೆದಿಡುತ್ತೇನೆ. ಒಂದು, ಅಲ್ಲಾವುದ್ದೀನ. ದಿನವಿಡೀ ಮಗ್ಗದಲ್ಲಿ ಲಾಳಿ ಎಸೆಯುವ ಕೈ, ಎಲ್ಲಿಂದ ಒಗೆದರೂ ಚೆಂಡು ರಿಂಗಿನೊಳಗೇ. ಎರಡು, ರಿಂಗು. ಹೋದ ವರ್ಷ ನಮ್ಮ ಕಮ್ಮಾರ ಬಂಡಿ ಗಾಲಿಯ ಹಳಿ ಬಾಗಿಸಿ ಮಾಡಿದ್ದು ನಾಲ್ಕು ಬೆರಳು ದೊಡ್ಡದಾಗಿತ್ತು. ಹುಡುಗರು ಅದಕ್ಕೇ ರೂಢಿಯಾಗಿ ನರಗುಂದದಲ್ಲಿ ಎಸೆದದ್ದೆಲ್ಲ ಠಣ್ ಅಂತ ವಾಪಸ್ಸು. ಈಗ ಅಳತೆ ಪಟ್ಟಿ ಹಿಡಿದು ಮಾಡಿಸಿದ್ದೇವೆ. ಮೂರು, ಡ್ರಿಲ್ ಮಾಸ್ತರರು ಧಾರವಾಡದಲ್ಲಿ ತಿಂಗಳ ಟ್ರೇನಿಂಗ್ ಮುಗಿಸಿ ಹೊಸ ಸೀಟಿ ತಂದಿದ್ದಾರೆ. ನಾಲ್ಕು, ಅವರ ಕ್ಯಾಪ್ಟನ್ ನೌಕರಿ ಹಿಡಿದು ಹುಬ್ಬಳ್ಳಿಗೆ ಹೋದ. ಐದು, ಚೆಂಡು ಹೊಸದು. ಆರು, ಕಮಿಟಿಯ ಈಶಪ್ಪ ವೀರಭದ್ರನಿಗೆ ನೂರೊಂದು ಕಾಯಿ ಬೇಡಿಕೊಂಡಿದ್ದಾನೆ. ಹೋದ ವರ್ಷದ ಕಾಯಿಯೇ ಇನ್ನೂ ಒಡೆದಿಲ್ಲ, ಹಾಗಾಗಿ ಇದು ಅರ್ಧ ಕಾರಣ. ಏಳು — ಎಷ್ಟು ವರ್ಷ ಅಂತ ಸೋಲುವುದು?

ವಿರುದ್ಧ ಒಂದೇ. ಗವಿಸಿದ್ದಪ್ಪ. ನನ್ನ ಹೆಂಡತಿಯ ತಮ್ಮ, ನರಗುಂದದ ಕಡೆ ಆಡುವವ. ಆರಡಿ ಮೇಲೆ ಎರಡು ಬೆರಳು. ಅವನು ಕೈ ಎತ್ತಿದರೆ ನಮ್ಮವರಿಗೆ ಆಕಾಶ ಕಾಣುವುದಿಲ್ಲ.

ಗೌರವ್ವ ಪಟ್ಟಿ ಕೇಳಿ ನಕ್ಕಳು. "ಏಳ್ ಕಾರಣ ಬರದ್ರೂ ನನ್ ತಮ್ಮ ಒಬ್ಬ ಸಾಕ್ರಿ ನಿಮಗ."

೪ ಡಿಸೆಂಬರ್, ಬುಧವಾರ

ಗೌರವ್ವ ರೊಟ್ಟಿ ಬಡಿಯುವುದು ನಿಲ್ಲಿಸಿದಳು.

"ತಮ್ಮಂದೊಂದ್ ಮಾತ ಐತ್ರಿ. ಯಾರ ಮುಂದೂ ಬಾಯಿ ಬಿಡೂದಿಲ್ಲಂತ ಲಿಂಗ ಮುಟ್ಟಿ ಹೇಳ್ರಿ."

ಮುಟ್ಟಿ ಹೇಳಿದೆ.

"ಸಂಜಿ ಆತಂದ್ರ ಅವಗ ಏನೂ ಕಾಣಸೂದಿಲ್ರಿ. ಇರುಳಗಣ್ಣ. ದೀಪ ಹಚ್ಚೂ ಹೊತ್ತಿಗೆ ಗ್ವಾಡಿ ಹಿಡದ ಅಡ್ಯಾಡ್ತಾನ."

ಈ ವರ್ಷ ಶುರುವಾದದ್ದಂತೆ. ಡಾಕ್ಟರು ನೋಡಿ ಹೇಳಿದ್ದಾರೆ, ಮೀನೆಣ್ಣೆ ಹದಿನೈದು ದಿನ ಕುಡಿದರೆ ಸಾಕು, ಪೂರ್ತಿ ವಾಸಿ. ಮೀನೆಣ್ಣೆ! ನಮ್ಮಂಥವರ ಮನೆಯಲ್ಲಿ! ನರಗುಂದದ ಅತ್ತೆಗೆ ತಿಳಿದರೆ ಗಂಜಲ ಹಾಕಿ ಮನೆ ತೊಳೆಸುತ್ತಾಳೆ. ನರಗುಂದದಲ್ಲಿ ಕೊಂಡರೆ ಊರಿಗೆಲ್ಲ ಸುದ್ದಿ. ನಾನು ಅರಿವೆ ತರಲು ಗದಗಿಗೆ ಹೋಗುವವನು, ನನ್ನನ್ನು ಅಲ್ಲಿ ಯಾರು ಕೇಳುತ್ತಾರೆ?

"ತಂದ್ ಕೊಡ್ರಿ ಸಾಕು. ಮುಂದಿಂದ ನಾ ನೋಡ್ಕೋತೀನಿ. ಎಳ್ಳಮಾಸಿ ಆದ್ ಮ್ಯಾಲ ಲಕ್ಕಲಕಟ್ಟಿಯವ್ರು ಹುಡುಗನ್ನ ನೋಡಾಕ ಬರ್ತಾರ. ಅಷ್ಟರಾಗ ಕಣ್ಣ ಚಲೋ ಆಗ್ಬೇಕ್ರಿ."

ಲಕ್ಕಲಕಟ್ಟಿ ಹುಡುಗಿಯ ಮಾತು ಮುಕ್ಕಾಲು ಮುಗಿದಿದೆ. ಒಳ್ಳೆಯ ಮನೆತನ. ಗವಿಗೂ ಹುಡುಗಿ ಮನಸ್ಸಿಗೆ ಬಂದಿದ್ದಾಳೆ. ತರುತ್ತೇನೆ ಅಂದೆ. ಪಾಪ ಅನಿಸಿತು, ಖರೇ.

೬ ಡಿಸೆಂಬರ್, ಶುಕ್ರವಾರ. ಸಂಜೆ

ಗದಗಿನಿಂದ ಈಗ ಬಂದೆ. ಬಾಟಲಿ ಸಿಕ್ಕಿತು. ಬೆಳಿಗ್ಗೆ ಬಂದ ಪೇಪರನ್ನೇ ಅರ್ಧ ಹರಿದು ಸುತ್ತಿಕೊಟ್ಟ ಅಂಗಡಿಯವ. ಬಸ್ಸಿನಲ್ಲಿ ಪಕ್ಕಕ್ಕೆ ಮಠದ ಐನೋರು ಬಂದು ಕೂತರು. ಚೀಲವನ್ನು ತೊಡೆಯಿಂದ ಕಾಲಡಿಗೆ ಇಳಿಸಿದೆ, ವಾಸನೆ ಬಂದರೆ ಏನು ಗತಿ ಅಂತ.

ರೋಣ ಸ್ಟ್ಯಾಂಡಿನಲ್ಲಿ ಬಸ್ಸು ನಿಂತಿತ್ತು. ಚಹಾ ಕುಡಿಯುತ್ತ ಲೆಕ್ಕ ಹಾಕಿದೆ. ಇಂದಿನಿಂದ ಹದಿನೈದು ದಿನ ಅಂದರೆ ಸರಣಿ ಮುಗಿಯುವುದರೊಳಗೇ ಅವನ ಕಣ್ಣು ಹುಲಿಯ ಕಣ್ಣು. ಈಗಾದರೆ ಸಂಜೆ ಐದೂವರೆಯ ನಂತರ ಅವನು ಅರ್ಧ ಆಟಗಾರ. ಮ್ಯಾಚು ಸ್ವಲ್ಪ ಎಳೆದರೆ...

ಬಾಟಲಿ ಅಂಗಡಿಯಲ್ಲಿದೆ. ಧೋತರದ ಗಂಟುಗಳ ಹಿಂದೆ.

ಗೌರವ್ವನಿಗೆ ಹೇಳಿದೆ, ಸ್ಟಾಕ್ ಮುಗಿದಿದೆಯಂತೆ, ಮುಂದಿನ ವಾರ ಬರುತ್ತದಂತೆ.

ಹದಿನೈದು ದಿನ ತಡವಾದರೆ ಯಾರೂ ಸಾಯುವುದಿಲ್ಲ. ಲಿಂಗ ಮುಟ್ಟಿದ್ದು ಯಾರಿಗೂ ಹೇಳುವುದಿಲ್ಲ ಅಂತ. ಯಾರಿಗೂ ಹೇಳಿಲ್ಲ.

ಒಂದನೇ ತಾರೀಖಿನ ಪುಟ ತೆಗೆದು ಪಟ್ಟಿಯ ಕೆಳಗೆ "ಎಂಟು" ಅಂತ ಬರೆದೆ. ಮುಂದೆ ಏನೂ ಬರೆಯಲಿಲ್ಲ.

೮ ಡಿಸೆಂಬರ್, ರವಿವಾರ

ಸೋತೆವು. ಇಪ್ಪತ್ತನಾಲ್ಕು, ಮೂವತ್ತೊಂದು. ಅದರಲ್ಲಿ ಗವಿಯದೇ ಹದಿನೆಂಟು. ಸರಿಯಾಗಿ ನಾಲ್ಕಕ್ಕೆ ಸೀಟಿ ಊದಿದರು ನರಗುಂದದವರು, ಎಂದೂ ಇಲ್ಲದ ಶಿಸ್ತು. ಐದಕ್ಕೆಲ್ಲ ಮುಗಿಯಿತು.

ಅವರೆಲ್ಲ ಕುಣಿಯುತ್ತಿದ್ದರು. ಹೊತ್ತು ಇಳಿದಾಗ ಗವಿ ಒಬ್ಬನೇ ಕಂಬ ಹಿಡಿದು ನಿಂತಿದ್ದ, ಯಾರಾದರೂ ಕರೆದುಕೊಂಡು ಹೋಗಲಿ ಅಂತ. ನನ್ನ ಧ್ವನಿ ಕೇಳಿ ಮುಖ ಅರಳಿತು. "ಮಾಮಾ!" ಅಂದ, ನನ್ನ ಬಲಗಡೆ ನಿಂತಿದ್ದವನನ್ನು ನೋಡುತ್ತ.

೧೫ ಡಿಸೆಂಬರ್, ರವಿವಾರ

ಗೆದ್ದೆವು! ಇಪ್ಪತ್ತೇಳು, ಇಪ್ಪತ್ತೆರಡು!

ನನ್ನ ಕೈವಾಡ ಏನೂ ಇಲ್ಲ. ನರಗುಂದದ ಲಾರಿ ಪುರ್ತಗೇರಿ ಹತ್ತಿರ ಟಾಯರ್ ಒಡೆದುಕೊಂಡು ನಿಂತಿತ್ತು. ಶುರುವಾಗುವಾಗ ಐದು. ನಮ್ಮ ಮೈದಾನ ಗುಡ್ಡದ ಬುಡಕ್ಕೇ ಇದೆ, ನೆರಳು ಲಗೂ ಬೀಳುತ್ತದೆ. ಕೊನೆಯ ಹತ್ತು ಮಿನಿಟು ಗವಿ ಕೈಗೆ ಬಂದ ಚೆಂಡನ್ನೂ ಬಿಟ್ಟ. ಆ ಹುಡುಗನ ಗ್ರಹಚಾರ ಕೆಟ್ಟಿದೆ ಅಂದರು ಜನ.

ಗ್ರಹಚಾರ ಧೋತರದ ಗಂಟಿನ ಹಿಂದೆ ಇದೆ.

೧೬ ಡಿಸೆಂಬರ್, ಸೋಮವಾರ

ಮೂರನೆಯ ಮ್ಯಾಚು ಎಲ್ಲಿ ಅಂತ ಚೀಟಿ ಎತ್ತಿದರು. ನಮ್ಮಲ್ಲಿಗೇ ಬಂತು. ೨೨ನೇ ತಾರೀಖು. ಎಳ್ಳಮಾಸಿ ಮರುದಿನ. ಚಂದ್ರ ಇರುವುದಿಲ್ಲ.

ಕಮಿಟಿ ಕೂತಿತ್ತು. ನಾನೇ ಎದ್ದು ಹೇಳಿದೆ, "ಹ್ವಾದ ಸಲ ಅವ್ರು ಬಳಿ ಕಟ್ಟಿದ್ರು, ಈ ಸಲ ನಾವು ಹೂವಿನ ಮಾಲಿ ಹಾಕೂನು. ಮ್ಯಾಚಿಗಿಂತ ಮೊದ್ಲ ಸತ್ಕಾರ. ಒಬ್ಬೊಬ್ಬಂಗೂ ಮಾಲಿ, ಟೆಂಗಿನಕಾಯಿ. ಎರಡ ಮಾತ ಭಾಷಣ. ಆಮ್ಯಾಲ ಫಳಾರ."

ಈಶಪ್ಪನಿಗೆ ಭಾಷಣ ಅಂದರೆ ಜೀವ. ಎರಡು ಮಾತು ಅಂದರೆ ಅವನಿಗೆ ಎರಡು ತಾಸು. ನನಗೆ ಗೊತ್ತು. ಅದಕ್ಕೇ ಅವನ ಹೆಸರು ಹೇಳಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಡ್ರಿಲ್ ಮಾಸ್ತರರಂತೂ "ದೊಡ್ಡ ಮನಸ್ಸ್ರಿ ನಿಮ್ದು" ಅಂದರು. ಅತಿಥಿಗೆ ಮಾಲೆ ಹಾಕುವಾಗ ಗಡಿಯಾರ ನೋಡುವವರು ನಮ್ಮ ಊರಲ್ಲಿ ಯಾರೂ ಇಲ್ಲ.

ಸತ್ಕಾರ. ಈ ಶಬ್ದ ಬರೆಯಲು ಕೈ ಸ್ವಲ್ಪ ತಡೆಯಿತು.

೨೧ ಡಿಸೆಂಬರ್, ಶನಿವಾರ. ಎಳ್ಳಮಾಸಿ

ಗವಿ ಹಬ್ಬಕ್ಕೆ ನಮ್ಮಲ್ಲಿಗೇ ಬಂದ. ಹೊಲಕ್ಕೆ ಹೋಗಿ ಭೂಮಿತಾಯಿಗೆ ಚರಗ ಚೆಲ್ಲಿದೆವು, ಜೋಳದ ನಡುವೆ ಕೂತು ಉಂಡೆವು. ಸಜ್ಜಿ ರೊಟ್ಟಿ, ಎಣಗಾಯಿ, ಕಡುಬು. ಗೌರವ್ವ ತಮ್ಮನಿಗೆ ಬಡಿಸಿದ್ದೇ ಬಡಿಸಿದ್ದು. ಲಕ್ಕಲಕಟ್ಟಿಯವರು ನಾಳೆ ಮ್ಯಾಚಿಗೇ ಬರುತ್ತಾರಂತೆ. ಹುಡುಗನ ಆಟವನ್ನೂ ನೋಡಿದಂತಾಯಿತು, ವೀಳ್ಯದ ಮಾತೂ ಮುಗಿಯಿತು ಅಂತ. ಗವಿ ಹೇಳುವಾಗ ನಾಚಿ ತಲೆ ತಗ್ಗಿಸಿದ. ಅಷ್ಟು ಎತ್ತರದ ಹುಡುಗ.

ಬರುವಾಗ ಹೊತ್ತು ಮುಳುಗಿತು. ಹೊಲದ ಬದುವಿನ ಮೇಲೆ ಅವನ ಕಾಲು ಹುಡುಕುತ್ತಿತ್ತು.

"ಮಾಮಾ, ಕೈ ಕೊಡ್ರಿ."

ಕೊಟ್ಟೆ. ಮನೆ ಮುಟ್ಟುವವರೆಗೂ ಬಿಡಲಿಲ್ಲ. ಬೆವತ ಕೈ. "ನಾಳಿ ನಾಕಕ್ಕ ಶುರು ಅಲ್ರಿ? ಐದಕ್ಕ ಮುಗಿತೈತಿ. ಏನ್ ಚಿಂತಿಲ್ಲ" ಅಂದ. ನನ್ನನ್ನು ಕೇಳಿದನೋ, ತನಗೇ ಹೇಳಿಕೊಂಡನೋ.

ಹೂಂ ಅಂದೆ.

೨೨ ಡಿಸೆಂಬರ್, ರವಿವಾರ. ಬೆಳಿಗ್ಗೆ

ಸತ್ಕಾರ ಬೇಡ ಅಂತ ಈಶಪ್ಪನಿಗೆ ಹೇಳಬೇಕು ಅಂದುಕೊಂಡೇ ಎದ್ದೆ. ಅವನ ಮನೆಗೆ ಹೋದೆ. ಹನ್ನೊಂದು ಹಾಳೆ ಭಾಷಣ ಬರೆದು ಕನ್ನಡಿ ಮುಂದೆ ನಿಂತಿದ್ದ.

ಏನೂ ಹೇಳದೆ ಬಂದೆ. ಲಾರಿಗೆ ಕಟ್ಟಿದ ಬಳೆ ನೆನಪಾದವು.

೨೩ ಡಿಸೆಂಬರ್, ಸೋಮವಾರ

ಗೆದ್ದೆವು. ಅಂಕಿ ಬರೆಯುವುದಿಲ್ಲ.

ಮಾಲೆ ಹಾಕಿದ್ದಾಯಿತು, ಕಾಯಿ ಕೊಟ್ಟದ್ದಾಯಿತು, ಈಶಪ್ಪ ಮಾತಾಡಿದ, ಮಾತಾಡಿದ. ಗವಿ ಮಾಲೆ ಹಾಕಿಕೊಂಡು ಸೂರ್ಯನನ್ನೇ ನೋಡುತ್ತ ಕೂತಿದ್ದ. ಒಮ್ಮೆ ನನ್ನ ಕಡೆ ತಿರುಗಿದ. ನಾನು ಫಳಾರದ ತಾಟು ಎಣಿಸುವವನಂತೆ ಬಗ್ಗಿದೆ. ಸೀಟಿ ಊದಿದಾಗ ಐದೂ ಇಪ್ಪತ್ತು.

ಮೊದಲರ್ಧ ನರಗುಂದವೇ ಮುಂದೆ. ಎರಡನೆಯ ಅರ್ಧದಲ್ಲಿ ಗುಡ್ಡದ ನೆರಳು ಪೂರ್ತಿ ಬಿತ್ತು. ಬೇರೆಯವರಿಗೆ ಚೆಂಡು ಮಸುಕಾಗಿ ಕಾಣುತ್ತಿತ್ತು. ಅವನಿಗೆ ಏನೂ ಇಲ್ಲ. ಚೆಂಡು ಎದೆಗೆ ಬಡಿಯಿತು. ಕೈ ಚಾಚಿಕೊಂಡು ಹುಡುಕಿದ. ಆಮೇಲೆ ಓಡಿದ — ರಿಂಗಿನ ಕಡೆಗೆ ಅಂತ ತಿಳಿದು ನೇರ ಜನರ ನಡುವೆ ಬಂದು, ಹೆಂಗಸರು ಕೂತಲ್ಲಿ ಜಮಖಾನೆ ಎಡವಿ ಬಿದ್ದ. ಎದ್ದು ಗಾಳಿಯಲ್ಲಿ ಕೈ ಆಡಿಸಿದ.

"ಏ, ಇವಗ ಇರುಳಗಣ್ಣಲೇ!" ಯಾರೋ ಕೂಗಿದರು. ಜನ ನಕ್ಕಿತು. ನಮ್ಮ ಜನ.

ಲಕ್ಕಲಕಟ್ಟಿಯವರು ಮುಂದಿನ ಸಾಲಿನಲ್ಲೇ ಇದ್ದರು. ಹುಡುಗಿಯ ಅಪ್ಪ ಶಲ್ಯ ಝಾಡಿಸಿ ಎದ್ದರು. ಅವರ ಬಂಡಿ ಹೂಡುವ ಸಪ್ಪಳ ನನಗೆ ಕೇಳಿಸಿತು.

ಗವಿಗೆ ಕಾಣುತ್ತಿರಲಿಲ್ಲ. ಕೇಳಿಸಿರಬೇಕು.

ಶೀಲ್ಡು ತೆಗೆದುಕೊಳ್ಳಲು ಅಲ್ಲಾವುದ್ದೀನನನ್ನು ಕರೆದರೆ ಬರಲಿಲ್ಲ. ಇವತ್ತು ಅಂಗಡಿಗೆ ಬಂದ. "ಸಾವ್ಕಾರ್ರ, ಕಡಿಗೆ ನಾಕ್ ಸಲ ನಾನ ಅವನ ಕೈಯಾಗಿನ ಚೆಂಡ ಕಸಗೊಂಡೆ. ಸಣ್ಣ ಕೂಸಿನ ಕೈಯಾಗಿಂದ ಕಸಗೊಂಡಂಗ ಆತ್ರಿ. ಸೂರ್ಯಾ ಇದ್ದಾಗ ಆಡಸಬೇಕಾಗಿತ್ತ ನೀವು." ಬೈಯಲಿಲ್ಲ. ಅಷ್ಟೇ ಹೇಳಿ ಮಗ್ಗಕ್ಕೆ ಹೋದ. ಬೈದಿದ್ದರೆ ಒಳ್ಳೆಯದಿತ್ತು.

೨೪ ಡಿಸೆಂಬರ್, ಮಂಗಳವಾರ

ಲಕ್ಕಲಕಟ್ಟಿಯಿಂದ ಆಳು ಬಂದಿದ್ದ. ಸಂಬಂಧ ಬೇಡ ಅಂತ.

ಗೌರವ್ವ ಒಲೆ ಮುಂದೆ ಕೂತು ಅತ್ತಳು. "ಒಂದ್ ಬಾಟ್ಲಿ ಸಿಕ್ಕಿದ್ರ ಹಿಂಗ ಆಗ್ತಿದ್ದಿಲ್ರಿ. ನಮ್ ನಸೀಬದಾಗ ಆ ಒಂದ್ ಬಾಟ್ಲಿ ಇದ್ದಿಲ್ಲ ನೋಡ್ರಿ."

ಅಂಗಡಿಗೆ ಹೋದೆ. ಗಂಟು ಸರಿಸಿದೆ. ಧೂಳು ಒರೆಸಿ ಪೇಪರ್ ಸಮೇತ ತಂದುಕೊಟ್ಟೆ. ಇವತ್ತು ಗದಗಿನಿಂದ ಬಂತು ಅಂದೆ. ಅವಳು ಎರಡೂ ಕೈಯಿಂದ ಹಿಡಿದಳು, ಪ್ರಸಾದ ಹಿಡಿದಂತೆ. ಬಾಟಲಿ ಒಳಗಿಟ್ಟು ಪೇಪರನ್ನೂ ಮಡಚಿ ಎತ್ತಿಟ್ಟಳು. ಏನನ್ನೂ ಎಸೆಯುವವಳಲ್ಲ.

ಗವಿಯನ್ನು ಊರಿಗೆ ಕಳಿಸಲಿಲ್ಲ. ಇಲ್ಲೇ ಕುಡಿಸುತ್ತಾಳೆ, ಕಣ್ಣು ಬಂದ ಮೇಲೇ ಹೋಗಲಿ ಅಂತ. ಮೂಗು ಹಿಡಿದು ಕುಡಿಯುತ್ತಾನೆ. ನಾನು ಆ ಹೊತ್ತಿಗೆ ಹೊರಗೆ ಹೋಗುತ್ತೇನೆ.

೫ ಜನವರಿ ೧೯೫೮, ರವಿವಾರ

ಹೊಸ ಡೈರಿ ಬಂದಿಲ್ಲ. ಇದರಲ್ಲೇ ಕೊನೆಗೆ ನಾಲ್ಕು ಖಾಲಿ ಹಾಳೆ ಇವೆ.

ಇಷ್ಟು ದಿನ ಏನು ಬರೆಯಲಿ. ಶೀಲ್ಡನ್ನು ನನ್ನ ಅಂಗಡಿಯಲ್ಲೇ ಇಟ್ಟಿದ್ದಾರೆ, ಸತ್ಕಾರದ ಯೋಚನೆ ನನ್ನದು ಅಂತ. ಬಂದವರೆಲ್ಲ ನೋಡಿ ಹೋಗುತ್ತಾರೆ. ಅರಿವೆ ಮುಚ್ಚಿದೆ. ಧೂಳು ಕೂರುತ್ತದೆ ಅಂತ ಹೇಳಿದ್ದೇನೆ.

ಇವತ್ತು ಸಂಜೆ ಗವಿ ಕಟ್ಟೆಯ ಮೇಲೆ ಕೂತಿದ್ದ. ಒಮ್ಮೆಲೇ ಎದ್ದು ನಿಂತ.

"ಮಾಮಾ, ಗುಡ್ಡದ ಮ್ಯಾಲ ಚುಕ್ಕಿ ಕಾಣಸಾಕತ್ತೈತ್ರಿ. ಒಂದ... ಇಲ್ಲ, ಎರಡ್ ಅದಾವು."

ಬಂದು ನನ್ನ ಕಾಲು ಮುಟ್ಟಿದ. "ಬ್ಯಾರೆಯವ್ರಾಗಿದ್ರ ಆ ಎಣ್ಣಿ ಮುಟ್ತಿದ್ದಿಲ್ರಿ. ನನಗ ಕಣ್ಣ ಕೊಟ್ಟವ್ರ ನೀವು."

ಕಾಲು ಹಿಂದಕ್ಕೆ ಎಳೆದುಕೊಂಡೆ. ಸಂಕೋಚ ಅಂತ ತಿಳಿದು ಅಕ್ಕ ತಮ್ಮ ಇಬ್ಬರೂ ನಕ್ಕರು. ನನಗೆ ಭೂಮಿಯೊಳಗೆ ಇಳಿದುಹೋಗಬೇಕು ಅನಿಸಿತು.

೧೨ ಜನವರಿ, ರವಿವಾರ. ಸಂಜೆ ಆರು

ಸಂಕ್ರಾಂತಿಗೆ ಅಂತ ಗೌರವ್ವ ಮನೆ ಸಾರಿಸುತ್ತಿದ್ದಳು. ಅಡಿಗೆಮನೆಯ ಗೋಡೆಗೂಡಿನಲ್ಲಿ ಹಾಸಲು ಆ ಪೇಪರ್ ಬಿಚ್ಚಿದಳು. ನಾಲ್ಕನೇ ಇಯತ್ತೆವರೆಗೆ ಓದಿದವಳು.

ಅರ್ಧ ತಾಸಿನ ಹಿಂದೆ ತಂದು ನನ್ನ ಮುಂದೆ ಇಟ್ಟಳು. ಮೇಲಿನ ಮೂಲೆಗೆ ಬೆರಳಿಟ್ಟಳು.

"ಇದರಾಗ ಡಿಸೆಂಬರ್ ಆರ ಅಂತ ಐತ್ರಿ. ನೀವು ಗದಗಿಗೆ ಹ್ವಾದ ದಿನ."

ಸುಳ್ಳು ಹೇಳಬಹುದಿತ್ತು. ಹಳೆಯ ಪೇಪರಿನಲ್ಲಿ ಸುತ್ತಿಕೊಟ್ಟಿರಬೇಕು ಅಂತ. ಹೌದು ಅಂತ ತಲೆ ಆಡಿಸಿದೆ.

ಅವಳು ಬೆರಳ ಗೆರೆ ಎಣಿಸಿದಳು. ನಿಧಾನ. ಎರಡು ಸಲ.

"ಮ್ಯಾಚಿಗೆ ಹದಿನಾರ ದಿನ ಇತ್ರಿ."

ಅಳಲಿಲ್ಲ. ಬೈಯಲಿಲ್ಲ. "ನಾ ಹೇಳೂದಿಲ್ಲ ಅವಗ. ನೀವ ಹೇಳ್ರಿ, ಇವತ್ತ" ಅಂದಳು. ಒಳಗೆ ಹೋಗಿ ಕೂತಿದ್ದಾಳೆ. ದೀಪ ಹಚ್ಚಿಲ್ಲ.

ಒಂದನೇ ತಾರೀಖಿನ ಪುಟ ತೆಗೆದೆ. ಎಂಟರ ಮುಂದೆ ಖಾಲಿ ಇದೆ. ತುಂಬಿದೆ — "ನಾನು."

ಗವಿ ಬಂದ. ಬಜಾರಿನಿಂದ ಒಬ್ಬನೇ ಬಂದಿದ್ದಾನೆ, ಈ ಮಬ್ಬಿನಲ್ಲಿ. ಮೆಟ್ಟಿಲು ಎಡವಲಿಲ್ಲ. ಎದುರಿಗೆ ಕೂತ.

"ಬರದ್ ಮುಗಸ್ರಿ ಮಾಮಾ. ನಂದೇನ್ ಅವಸರಿಲ್ಲ."

ಒಳಗೆ ಬಳೆ ಸಪ್ಪಳ ನಿಂತಿದೆ. ಅವಳು ಕೇಳಿಸಿಕೊಳ್ಳುತ್ತಿದ್ದಾಳೆ. ಬೆಳಕು ಸಾಲದು, ಅಕ್ಷರ ನನಗೇ ಕಾಣುತ್ತಿಲ್ಲ. ಆದರೂ ಬರೆಯುತ್ತಿದ್ದೇನೆ. ಪೆನ್ನು ಕೆಳಗಿಟ್ಟರೆ ಹೇಳಬೇಕು. ಅದಕ್ಕೇ ಬರೆಯುತ್ತಿ