ಮಜ್ಜಿಗೆಯ ಮೇಲೆ ಹೊರಿಸಿದ ಸಾವು

ಆಸ್ಪತ್ರೆಯ ಮಾನ್ಯ ಅಧೀಕ್ಷಕರೇ,

ಮರ್ಫಿ ಟೌನಿನ ಯಶೋದಮ್ಮನವರ ಸಾವಿಗೆ ಮಗಳು ಪ್ರಿಯಾ ಮನೆಯಿಂದ ತಂದ ಮಜ್ಜಿಗೆಯೇ ಕಾರಣವಿರಬಹುದೆಂದು ನಿಮ್ಮ ಕಚೇರಿ ಆಕೆಗೆ ಪತ್ರ ಬರೆದಿದೆ. ಅದು ಸುಳ್ಳು. ಸುಳ್ಳೆಂದು ನಿಮಗಿಂತ ಮೊದಲು ಗೊತ್ತಿದ್ದವನು ನಾನು, ನಿಮ್ಮದೇ ಪ್ರಯೋಗಾಲಯದ ತಂತ್ರಜ್ಞ.

ಯಶೋದಮ್ಮನವರಿಗೆ ರಕ್ತದ ಕ್ಯಾನ್ಸರ್. ಕಿಮೋದಿಂದ ಬಿಳಿ ರಕ್ತಕಣಗಳು ಇಲ್ಲವೆನ್ನುವಷ್ಟು ಇಳಿದಿದ್ದವು. ಜ್ವರ ಬಂದಾಗ, ರಕ್ತದಲ್ಲಿ ಯಾವುದಾದರೂ ಜೀವಿ ಬೆಳೆಯುತ್ತದೆಯೇ ಎಂದು ನೋಡಲು ಎರಡು ಬಾರಿ ಕಲ್ಚರ್‌ಗೆ ಕಳಿಸಿದರು. ಮೊದಲ ಬಾಟಲಿಯಲ್ಲಿ ಬೆಳೆದದ್ದು ನಮ್ಮ ನಿಮ್ಮ ಚರ್ಮದ ಮೇಲೆ ತನ್ನ ಪಾಡಿಗೆ ತಾನಿರುವ ಬ್ಯಾಕ್ಟೀರಿಯಾ. ಇಂಥದ್ದು ಕಂಡರೆ ನಮ್ಮಲ್ಲಿ ಒಂದೇ ಪದ: ‘ಕಂಟಾಮಿನೆಂಟ್’. ಅಂದರೆ ಸೂಜಿ ಚುಚ್ಚುವಾಗ ಚರ್ಮದಿಂದ ಸೇರಿದ್ದು, ತಲೆ ಕೆಡಿಸಿಕೊಳ್ಳಬೇಕಿಲ್ಲ. ಹಾಗೇ ಬರೆದೆ. ಮರುದಿನ, ಇನ್ನೊಂದು ಕೈಯಿಂದ ತೆಗೆದ ರಕ್ತದಲ್ಲೂ ಅದೇ ಬೆಳೆಯಿತು. ಎರಡು ಕಡೆ ಒಂದೇ ಜೀವಿ ಸಿಕ್ಕರೆ ಅದು ರಕ್ತದಲ್ಲೇ ಇದೆಯೆಂದು ಅನುಮಾನಿಸಬೇಕು. ರೋಗನಿರೋಧಕ ಶಕ್ತಿ ಕುಂದಿದವರನ್ನು ಇಂಥ ಸಾಧು ಜೀವಿಯೂ ಕೊಲ್ಲಬಲ್ಲದು. ಇದನ್ನು ಓದಿ ಪಾಸಾದವನು ನಾನು. ಆದರೂ ಹಿಂದಿನ ವರದಿ ತೆರೆದು ನೋಡದೆ ಮತ್ತೆ ಅದೇ ಪದ ಗೀಚಿದೆ. ಸರಿಯಾದ ಔಷಧಿ ಮೂರು ದಿನ ತಡವಾಯಿತು. ನಾಲ್ಕನೆಯ ದಿನ ಅವರು ತೀರಿಕೊಂಡರು.

ನಮ್ಮ ಪರೀಕ್ಷಾ ಚೀಟಿಯಲ್ಲಿ ವಿಮಾ ಕಂಪನಿಯ ಹೆಸರಿಗೆ, ಕೋಣೆಯ ದರ್ಜೆಗೆ ಜಾಗವಿದೆ. ಕಿಮೋ ಆಗಿದೆಯೇ ಎಂದು ಕೇಳಲು ಮಾತ್ರ ಜಾಗವಿಲ್ಲ. ಡೀಲಕ್ಸ್ ಕೋಣೆಯೆಂದರೆ ಬ್ಯಾಕ್ಟೀರಿಯಾ ಹೆದರುತ್ತದೆಯೇ, ಸ್ವಾಮಿ? ಇದನ್ನು ಕೇಳಿ ನನ್ನ ತಪ್ಪನ್ನು ಹಗುರ ಮಾಡಿಕೊಳ್ಳುತ್ತಿಲ್ಲ. ಎರಡನೆಯ ಬಾಟಲಿಯಲ್ಲೂ ಅದೇ ಜೀವಿ ಕಂಡಮೇಲೆ ಅನುಮಾನಿಸಲು ಯಾವ ಚೀಟಿಯೂ ಬೇಕಿರಲಿಲ್ಲ.

ಆಮೇಲೆ ಪ್ರಿಯಾ ಪ್ರಯೋಗಾಲಯದ ಕಿಟಕಿಗೆ ಬಂದಳು. “ಸರ್, ಅಮ್ಮ ಬಾಯಿ ಒಣಗ್ತಿದೆ ಅಂದ್ರು, ಒಂದ್ ಲೋಟ ಮಜ್ಜಿಗೆ ಕೊಟ್ಬಿಟ್ಟೆ. ಅದ್ರಿಂದಾನೇ ಹೋಗ್ಬಿಟ್ರಾ?” ಮಜ್ಜಿಗೆಯ ಬ್ಯಾಕ್ಟೀರಿಯಾ ಬೇರೆ, ಆ ಬಾಟಲಿಗಳಲ್ಲಿ ಅದರ ಸುಳಿವೂ ಇರಲಿಲ್ಲ. “ಡಾಕ್ಟರನ್ನ ಕೇಳಿಮ್ಮ” ಎಂದು ಕಿಟಕಿ ಎಳೆದುಕೊಂಡೆ. ನಿಮ್ಮ ಹತ್ತಿರ ಬಂದು ತಪ್ಪೊಪ್ಪಿಕೊಂಡಾಗ ನೀವೇನೆಂದಿರಿ? “ಫ್ಯಾಮಿಲಿಯವ್ರೇ ಒಪ್ಕೊಂಡಿದಾರಲ್ರೀ ಶಿವಶರಣ, ನಾವ್ಯಾಕೆ ಕೆದಕ್ಬೇಕು?” ತಲೆಯಾಡಿಸಿ ಹೊರಬಂದೆ. ಆ ಹುಡುಗಿ ಮನೆಯಲ್ಲಿ ಹಾಲಿಗೆ ಹೆಪ್ಪು ಹಾಕುವುದನ್ನೇ ಬಿಟ್ಟಿದ್ದಾಳೆಂದು ಮೊನ್ನೆ ಹಲಸೂರು ಮಾರುಕಟ್ಟೆಯಲ್ಲಿ ಅವರ ಪಕ್ಕದ ಮನೆಯವರು ಹೇಳಿದರು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

ಆ ಪತ್ರವನ್ನು ಹಿಂತೆಗೆದುಕೊಳ್ಳಿ. ಬಾಟಲಿಗಳಲ್ಲಿ ಬೆಳೆದದ್ದೇನು, ಅದನ್ನು ತಳ್ಳಿಹಾಕಿದವರು ಯಾರು ಎಂದು ಕನ್ನಡದಲ್ಲಿ ಬರೆದು, ಸಹಿ ಹಾಕಿ, ಆಕೆಯ ಮನೆಗೇ ಹೋಗಿ ಓದಿಹೇಳಿ. ನಿಮಗೆ ಪುರುಸೊತ್ತಿಲ್ಲದಿದ್ದರೆ ಈ ಭಾನುವಾರ ನಾನೇ ಹೋಗುತ್ತೇನೆ. ಕೆಲಸದಿಂದ ತೆಗೆಯುವುದಾದರೆ ಶನಿವಾರವೇ ತೆಗೆಯಿರಿ. ತಾಯಿಯನ್ನು ತಾನೇ ಕೊಂದೆನೆಂದು ಆಕೆ ಇನ್ನೊಂದು ವಾರ ನಂಬಿಕೊಂಡಿರಬಾರದು.

ಇಂತಿ,
‘ನಿಮ್ಮ ವಿಶ್ವಾಸಿ’ ಎಂದು ಬರೆಯಲು ಮುಖವಿಲ್ಲದ
ಶಿವಶರಣ,
ದೊಮ್ಮಲೂರು