ನಿನ್ನದಲ್ಲದ ಅಳತೆ

ಭಾನುವಾರ, ಹದಿನಾಲ್ಕನೇ ತಾರೀಕು

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದಗಳು. ನಾವಿಬ್ಬರೂ ಇಲ್ಲಿ ಕ್ಷೇಮ. ಬಂದ ಕೂಡಲೇ ಕಾಗದ ಹಾಕುತ್ತೇನೆ ಅಂದವಳು ಇಷ್ಟು ದಿನ ಸುಮ್ಮನಿದ್ದೆ, ಬೈಯಬೇಡ. ದಿನಾ ಫೋನಿನಲ್ಲಿ ಮಾತಾಡುತ್ತೇವಲ್ಲ, ಕಾಗದ ಯಾಕೆ ಅನ್ನುತ್ತೀಯ. ಫೋನ್ ಮಾಡುವಾಗ ನಿನ್ನ ಚಿಕ್ಕಮ್ಮ ಪಕ್ಕದ ಮಂಚದಲ್ಲೇ ಕೂತಿರುತ್ತಾಳೆ. ಊಟ ಆಯ್ತಾ, ಚಳಿ ಇದೆಯಾ ಅನ್ನುವುದು ಬಿಟ್ಟು ಇನ್ನೇನು ಮಾತಾಡಲಿ?

ಹೊರಡುವ ದಿನ ನೀನು ನನ್ನ ಸೂಟ್‌ಕೇಸಿನ ಜಿಪ್ ಎಳೆಯುತ್ತಾ, ಮುಖ ಎತ್ತದೆ ಕೇಳಿದ್ದೆ: "ಚಿಕ್ಕಮ್ಮ ನನ್ನ ಕ್ಷಮಿಸಿದ್ದಾಳಾ ಅಂತ ತಿಳ್ಕೊಂಡು ಬಾ ಅಮ್ಮ. ಸುಳ್ಳು ಮಾತ್ರ ಹೇಳ್ಬೇಡ." ಅದಕ್ಕೇ ಈ ಕಾಗದ.

ಮೊದಲು ಮನೆಯ ಸಮಾಚಾರ ಹೇಳಿಬಿಡುತ್ತೇನೆ. ತರಬೇತಿಗೆಂದು ನಮ್ಮನ್ನು ಈ ದೇಶಕ್ಕೆ ಕರೆಸಿಕೊಂಡ ಹೊಲಿಗೆ ಶಾಲೆಯವರು ಇಳಿಸಿರುವುದು ಒಬ್ಬ ಬಸ್ ಡ್ರೈವರನ ಮನೆಯಲ್ಲಿ. ಆತ ಮಾತೇ ಆಡುವುದಿಲ್ಲ, ದಿನವಿಡೀ ಹಾರನ್ ಹೊಡೆದು ಸುಸ್ತಾಗಿರಬೇಕು. ಅವನ ಹೆಂಡತಿ ಕೋಟು ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸುವವಳು, ಬಾಯಿಗೆ ಬಿಡುವೇ ಇಲ್ಲ. ಅಡುಗೆಮನೆಯ ಮೇಲಿನ ಕೋಣೆ ನಮಗೆ. ಎರಡು ಮಂಚ, ಒಂದು ಕಿಟಕಿ, ತೆಗೆದರೆ ಎದುರು ಮನೆಯ ಗೋಡೆ. ನಾವು ಗೆಳತಿಯರು, ಒಡಹುಟ್ಟಿದವರಲ್ಲ ಅಂತ ಎಷ್ಟು ಹೇಳಿದರೂ ಆಕೆ ನಂಬುವುದಿಲ್ಲ. ಇಪ್ಪತ್ತು ವರ್ಷ ಒಂದೇ ಅಂಗಡಿಯಲ್ಲಿ ಎದುರುಬದುರು ಮಿಷನ್ ತುಳಿದರೆ ಮುಖವೂ ಒಂದೇ ಥರ ಆಗುತ್ತದೋ ಏನೋ.

ಮೊದಲ ದಿನ ಊಟಕ್ಕೆ ಕೂತಾಗಲೇ ಆಕೆ ಕೇಳಿದಳು, ಮಕ್ಕಳೆಷ್ಟು ಅಂತ. ಒಬ್ಬಳೇ ಮಗಳು ಗುಬ್ಬಿ ತೀರಿಹೋಗಿ ಎರಡು ವರ್ಷವಾಯಿತು, ಊರಲ್ಲಿ ಯಾರೂ ನಿನ್ನ ಚಿಕ್ಕಮ್ಮನಿಗೆ ಆ ಪ್ರಶ್ನೆ ಕೇಳುವುದಿಲ್ಲ. ಎಲ್ಲರಿಗೂ ಗೊತ್ತು. ಸ್ಕೂಟರ್ ಓಡಿಸುತ್ತಿದ್ದವಳು ನೀನು, ಹಿಂದೆ ಕೂತಿದ್ದವಳು ಗುಬ್ಬಿ, ಹಿಂದಕ್ಕೆ ಬಂದು ಗುದ್ದಿದ ಲಾರಿ. ನಿನಗೆ ಬಲಗೈ ಮುರಿಯಿತು, ಅವಳು ಆಸ್ಪತ್ರೆಯವರೆಗೂ ಬರಲಿಲ್ಲ. ಅಂದಿನಿಂದ ನೀನು ನಮ್ಮ ಅಂಗಡಿಯ ಮೆಟ್ಟಿಲು ಹತ್ತಿಲ್ಲ.

ಚಿಕ್ಕಮ್ಮ ತಟ್ಟೆಯಿಂದ ತಲೆ ಎತ್ತಿ ತನ್ನ ಹರಕುಮುರುಕು ಇಂಗ್ಲಿಷಿನಲ್ಲಿ, "ಒಬ್ಬಳು ಮಗಳು. ಬ್ಯಾಂಕಿನಲ್ಲಿ ಕೆಲಸ. ತುಂಬಾ ಸಿಡುಕಿ. ಬದನೆಕಾಯಿ ಕಂಡ್ರೆ ಆಗಲ್ಲ," ಅಂದಳು.

ಬ್ಯಾಂಕು, ಸಿಡುಕು, ಬದನೆಕಾಯಿ, ಎಲ್ಲಾ ನಿನ್ನದೇ. ಡ್ರೈವರನ ಹೆಂಡತಿ ನನ್ನತ್ತ ತಿರುಗಿ "ನಿಮಗೆ?" ಅಂದಳು. ನಿಜ ಹೇಳಿದರೆ ನಿನ್ನ ವಿಷಯವನ್ನೇ ಹೇಳಬೇಕಲ್ಲ, ಅವಳ ಸುಳ್ಳು ಬಯಲಾಗುತ್ತಿತ್ತು. ಮಕ್ಕಳಿಲ್ಲ ಅಂದುಬಿಟ್ಟೆ. ಹೆತ್ತವಳ ಬಾಯಲ್ಲಿ ಆ ಮಾತು ಬಂತು ನೋಡು. ಪಾಪ, ಆಕೆ ನನಗೆ ಇನ್ನೊಂದು ಸೌಟು ಬಡಿಸಿದಳು.

ಅವತ್ತಿನಿಂದ ನೀನು ಈ ಮನೆಯಲ್ಲಿ ಚಿಕ್ಕಮ್ಮನ ಮಗಳು. ನೀನು ಫೋನಿನಲ್ಲಿ ಹೇಳಿದ್ದನ್ನೆಲ್ಲ ಅವಳು ಮಾರನೇ ದಿನ ತಿಂಡಿಯ ಹೊತ್ತಿಗೆ ಹೇಳುತ್ತಾಳೆ: "ನನ್ನ ಮಗಳಿಗೆ ನೆಗಡಿಯಂತೆ." ನನಗೆ ಮೊದಮೊದಲು ಸಿಟ್ಟು ಬರುತ್ತಿತ್ತು. ಆಮೇಲೆ ಅನ್ನಿಸಿತು, ಇಷ್ಟು ಅಕ್ಕರೆಯಿಂದ ನಿನ್ನ ನೆಗಡಿಯನ್ನು ಹೇಳುವವಳ ಮನಸ್ಸಿನಲ್ಲಿ ನಿನ್ನ ಮೇಲೆ ಕೋಪ ಉಳಿದಿರಲು ಸಾಧ್ಯವಾ?

ಈಗ ಡ್ರೈವರನ ಹೆಂಡತಿ ಆ ಮಗಳಿಗೆಂದು ಒಂದು ಕೋಟು ಕತ್ತರಿಸಿದ್ದಾಳೆ. ಉಣ್ಣೆಯದು, ಬೂದು ಬಣ್ಣ, ಒಳಗೆ ಕೆಂಪು ಲೈನಿಂಗ್. ನಾವು ಮೂವರೂ ಕೂತು ಹೊಲಿಯುತ್ತಿದ್ದೇವೆ. ಆಕೆ ಟೇಪು ಹಿಡಿದು ಅಳತೆ ಕೇಳಿದಾಗ ಚಿಕ್ಕಮ್ಮ ಒಂದು ಕ್ಷಣವೂ ಯೋಚಿಸಲಿಲ್ಲ. ಭುಜ, ಎದೆ, ತೋಳು, ಉದ್ದ, ಪಟಪಟ ಹೇಳಿದಳು. ನಾನು ಗುಂಡಿ ಆರಿಸುತ್ತಿದ್ದವಳು ಕೈ ನಿಲ್ಲಿಸಿದೆ. ಅದು ನಿನ್ನ ಅಳತೆಯಲ್ಲ ಪುಟ್ಟಿ. ಅದು ಗುಬ್ಬಿಯದು. ಅವಳ ಲಂಗದಿಂದ ಹಿಡಿದು ಕಾಲೇಜಿನ ಚೂಡಿದಾರದವರೆಗೆ ನಾನೂ ಹೊಲಿದಿದ್ದೇನಲ್ಲ, ನನಗೆ ಗೊತ್ತಾಗದೆ ಇರುತ್ತದಾ? ಮತ್ತೆ ಗುಂಡಿ ಆರಿಸತೊಡಗಿದೆ.

ಆ ಕೋಟು ನಿನಗೆ ಭುಜದಲ್ಲಿ ಹಿಡಿಯುತ್ತದೆ, ತೋಳು ಮಣಿಕಟ್ಟಿನವರೆಗೂ ಬರುವುದಿಲ್ಲ. ಆದರೂ ಹಾಕಿಕೊ. ನಾವು ಬರುವ ದಿನ ವಿಮಾನ ನಿಲ್ದಾಣಕ್ಕೆ ಬಾ, ಅಲ್ಲೇ ಚಿಕ್ಕಮ್ಮನ ಕೈಯಿಂದಲೇ ತೊಡಿಸುತ್ತೇನೆ. ಡ್ರೈವರನ ಹೆಂಡತಿ ಫೋಟೋ ಕಳಿಸಿ ಅಂದಿದ್ದಾಳೆ. ಚಿಕ್ಕಮ್ಮನ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಂಡರೆ ನಿಮ್ಮಿಬ್ಬರ ನಡುವಿನದು ಅಷ್ಟಕ್ಕೇ ಮುಗಿಯುತ್ತದೆ ಅಂತ ನನ್ನ ಆಸೆ. ನೀನು ಕೇಳಿದ ಪ್ರಶ್ನೆಗೆ ನನಗೆ ಕಾಣುವ ಉತ್ತರ ಇಷ್ಟು: ಕ್ಷಮಿಸಿದ್ದಾಳೆ ಕಣೇ. ಬಾಯಿಬಿಟ್ಟು ಹೇಳಲು ಬರುತ್ತಿಲ್ಲ, ಅಷ್ಟೇ.

ಅಪ್ಪನಿಗೆ ಮಾತ್ರೆ ನೆನಪಿಸು. ನಲ್ಲಿ ರಿಪೇರಿಯವನು ಬಂದನಾ? ಬಲಗೈಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ, ರಾತ್ರಿ ನಿದ್ದೆ ಬರಲಿ, ಅದಕ್ಕಿಂತ ಹೆಚ್ಚೇನೂ ನಾನು ದೇವರನ್ನು ಕೇಳುತ್ತಿಲ್ಲ.

ಇಂತಿ ನಿನ್ನ
ಅಮ್ಮ

ಮತ್ತೆ: ಲಕೋಟೆ ಅಂಟಿಸಿಟ್ಟಿದ್ದೆ. ಇವತ್ತು ಮಂಗಳವಾರ, ಮತ್ತೆ ಬಿಚ್ಚಿದ್ದೇನೆ. ಸುಳ್ಳು ಹೇಳಬೇಡ ಅಂದಿದ್ದೆಯಲ್ಲ.

ಡ್ರೈವರನ ಹೆಂಡತಿ ಕೆಲಸಕ್ಕೆ ಹೋಗಿದ್ದಳು. ನಾವಿಬ್ಬರೇ ಕೋಟು ಹಿಡಿದು ಕೂತಿದ್ದೆವು. ಫೋಟೋದಲ್ಲಿ ನೀನು ಚೆನ್ನಾಗಿ ಕಾಣಲಿ ಅನ್ನುವ ಆಸೆ ನನಗೆ. "ಅಳತೆ ತಪ್ಪಿದೆ ಕಣೆ. ಪುಟ್ಟಿಗೆ ಭುಜ ಹಿಡಿಯುತ್ತೆ. ಈಗಲೇ ಬಿಚ್ಚಿ ಸ್ವಲ್ಪ ಸಡಿಲ ಮಾಡೋಣ," ಅಂದೆ.

ಅವಳು ಗುಂಡಿಯ ಕಾಜಾ ಹೊಲಿಯುತ್ತಿದ್ದಳು, ತಲೆ ಎತ್ತಲಿಲ್ಲ. "ಅಳತೆ ಸರಿಯಾಗೇ ಇದೆ. ಉಳ್ಕೊಂಡಿರೋ ಹುಡುಗಿ ತಪ್ಪು. ಅವತ್ತು ನಿನ್ನ ಮಗಳು ಹೋಗಿ ನನ್ನ ಮಗಳು ಉಳೀಬೇಕಿತ್ತು. ದಿನಾ ಬೆಳಗ್ಗೆ ಎದ್ದ ತಕ್ಷಣ ನನಗೆ ಬರೋ ಮೊದಲ ಯೋಚನೆ ಅದೇ," ಅಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ ಪುಟ್ಟಿ. ಗಿರಾಕಿಗೆ ಬಟ್ಟೆ ಎಷ್ಟು ಬೇಕು ಅಂತ ಹೇಳುವ ಹಾಗೆ ಹೇಳಿದಳು. ಹೇಳಿ ದಾರ ಕಚ್ಚಿ, "ಆ ಚಾಕ್ ಕೊಡು," ಅಂತ ಕೈ ಚಾಚಿದಳು.

ನಾನು ಕೊಟ್ಟೆ. ಎದ್ದು ಹೋಗಬೇಕಿತ್ತು, ಹೋಗಲಿಲ್ಲ. ಅವಳ ಜಾಗದಲ್ಲಿದ್ದರೆ ನಾನೂ ಅದನ್ನೇ ಬಯಸುತ್ತಿದ್ದೆ. ಗುಬ್ಬಿ ಹೋಗಬೇಕಿತ್ತು ಅಂತ ಹೆಸರು ಹೇಳಿಯೇ ಬಯಸುತ್ತಿದ್ದೆ.

ನೀನು ನಿಲ್ದಾಣಕ್ಕೆ ಬರಬೇಡ. ನಾವಿಬ್ಬರೂ ಒಂದೇ ಟ್ಯಾಕ್ಸಿ ಮಾಡಿಕೊಂಡು ಬರುತ್ತೇವೆ.