ಈ ಸಲದ ಹೆರಿಗೆ

ಮನ್ಮನೆ,
ಜನವರಿ ೧೨

ಪ್ರೀತಿಯ ಮನೋಹರ ಅವರಿಗೆ,

ಫೋನಿನಲ್ಲಿ ಈ ಮಾತು ತೆಗೆದರೆ ಇಬ್ಬರೂ ಬೇರೆ ಮಾತಿಗೆ ಹೊರಳುತ್ತೇವೆ. ಅದಕ್ಕೇ ಬರೆಯುತ್ತಿದ್ದೇನೆ.

ಈ ಹೆರಿಗೆಗೂ ಮಸ್ಕತ್ತಿಗೇ ಬಾ ಎಂದು ಹೇಳಿ, ಯಾವ ದೇಶದ ಆಸ್ಪತ್ರೆಗಳು ಮೇಲು ಎಂಬ ಪಟ್ಟಿ ಕಳಿಸಿದ್ದೀರಿ. ನಮ್ಮ ದೇಶ ಬಹಳ ಕೆಳಗಿದೆ. ಇರಬಹುದು. ಹೋದ ಸಲ ಮಸ್ಕತ್ತಿನ ಆಸ್ಪತ್ರೆಯಲ್ಲಿ ನನ್ನನ್ನು ಎಂದೂ ಕಾಯಿಸಲಿಲ್ಲ. ಪಾಪು ಉಳಿಯದೆ ಹೋದದ್ದಕ್ಕೆ ನಾನು ಅವರನ್ನು ದೂರುವುದೂ ಇಲ್ಲ. ನೀವು ಡ್ಯೂಟಿಯಲ್ಲಿರುತ್ತಿದ್ದಿರಿ. ಭಾಷೆ ಬಾರದ ನಾನು ಅವರು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಿದ್ದೆ.

ನಿನ್ನೆ ಸಿದ್ದಾಪುರದಲ್ಲಿ ಎರಡು ತಾಸು ಆಸ್ಪತ್ರೆಯ ಬೆಂಚಿನ ಮೇಲೆ ಕೂತೆ. ಆಮೇಲೆ ನರ್ಸಮ್ಮ ಒಳಗೆ ಕರೆದು, ಬಾಗಿಲು ಹಾಕಿ, ಪಕ್ಕದಲ್ಲೇ ಕೂತು ಕೇಳಿದರು: "ಹೋದ ಸಲ ಎಂತಾಯ್ತು, ಹೇಳು ತಂಗಿ. ಅರ್ಜೆಂಟಿಲ್ಲ."

ಎರಡು ವರ್ಷದಲ್ಲಿ ಮೊದಲ ಬಾರಿ ಎಲ್ಲ ಹೇಳಿದೆ. ಕೊನೆಯ ವಾರ ಮುಖ ಊದಿಕೊಂಡು ಕಣ್ಣು ಮಂಜಾಗುತ್ತಿದ್ದದ್ದನ್ನೂ ಹೇಳಿದೆ. ನಿಮಗೂ ಹೇಳಿರಲಿಲ್ಲ. ಅವರು ಕೂಡಲೇ ಡಾಕ್ಟರನ್ನು ಕರೆತಂದರು. ಅದು ಬಿಪಿಯಿಂದ ಆಗಿರಬಹುದಂತೆ. ಈಗ ನಾಲ್ಕನೇ ತಿಂಗಳಾದ್ದರಿಂದ ಮೊದಲೇ ಎಚ್ಚರ ವಹಿಸಬಹುದಂತೆ. ದಿನಕ್ಕೊಂದು ಮಾತ್ರೆ ಬರೆದಿದ್ದಾರೆ. ವಾರಕ್ಕೊಮ್ಮೆ ಬಿಪಿ ನೋಡಿಸಬೇಕು, ಹೆರಿಗೆ ಶಿರಸಿಯ ದೊಡ್ಡ ಆಸ್ಪತ್ರೆಯಲ್ಲಿ. ಇವತ್ತು ಅಲ್ಲೇ ಸ್ಕ್ಯಾನಿಂಗ್ ಆಯಿತು. ಮಗು ಚೆನ್ನಾಗಿದೆ.

ನನಗೆ ಟಿಕೆಟ್ ಮಾಡಿಸಬೇಡಿ. ನೀವೇ ಜೂನ್ ತಿಂಗಳಿಗೆ ರಜೆ ಕೇಳಿ. ಬರುವಾಗ ಕಪಾಟಿನಲ್ಲಿ ಗಂಟು ಕಟ್ಟಿಟ್ಟ ಪುಟ್ಟ ಅಂಗಿಗಳನ್ನು ತನ್ನಿ. ಈಗ ಆ ಗಂಟು ಬಿಚ್ಚಬಲ್ಲೆ.

ನಿಮ್ಮ ದಾರಿ ನೋಡುತ್ತಿರುವ,
ತನುಜಾ